ಟೈರ್ ಅಂಗಡಿಯಲ್ಲಿ ನಿಜ ಹೇಳಿ

ಕಾಶಿಗೆ ಹೋದವರು ಹರಿಶ್ಚಂದ್ರ ಘಾಟಿನಲ್ಲಿ ಚಿತೆಗಳಿಗೆ ಕೈಮುಗಿದು, ಪಕ್ಕದಲ್ಲೇ ಇರುವ ನಮ್ಮ ಕರ್ನಾಟಕ ಘಾಟಿನಲ್ಲಿ ಎರಡು ಮಾತು ಕನ್ನಡ ಆಡಿ ಊರಿಗೆ ಹೊರಡುತ್ತೀರಿ. ಸಂತೋಷ. ಆದರೆ ಮನೆಯ ಮುಂದೆ ದುಡಿಯುವ ಪಿಕಪ್ ಒಂದಿದ್ದರೆ, ಹೊರಡುವ ಮುಂಚೆ ಇನ್ನೊಂದು ಕೆಲಸ ಮಾಡಿ. ಘಾಟಿಗೆ ಸೌದೆ ಹೇರಿಕೊಂಡು ಬರುವ ಗಾಡಿಗಳ ಹಿಂದಿನ ಚಕ್ರವನ್ನು ಸ್ವಲ್ಪ ಬಗ್ಗಿ ನೋಡಿ. ಲೋಡಿಗೆ ತಕ್ಕ ಟೈರ್ ಯಾವುದು, ಬೆಲೆ ನೋಡಿ ಹಾಕಿಸಿದ್ದು ಯಾವುದು ಎನ್ನುವುದು ಅಲ್ಲೇ ಗೊತ್ತಾಗುತ್ತದೆ. ಎರಡನೆಯದರ ಪಕ್ಕೆ ಉಬ್ಬಿ, ರಿಮ್ಮು ನೆಲದ ಕಡೆ ಇಳಿದಿರುತ್ತದೆ.

ಒಂದು ಚಿತೆಗೆ ಹೆಚ್ಚುಕಡಿಮೆ ಮುನ್ನೂರು ಕಿಲೋ ಸೌದೆ ಬೇಕು. ಅಂದರೆ ಐದು ಚಿತೆಯ ಸೌದೆ ಒಂದೂವರೆ ಟನ್. ಕೋಲಾರದ ಮಂಡಿಯಲ್ಲಿ ಹದಿನೈದು ಕಿಲೋದ ಟೊಮೆಟೊ ಬಾಕ್ಸ್ ನೂರು ಹೇರಿದರೂ ಅಷ್ಟೇ. ಒಂದು ಬೊಲೆರೊ ಪಿಕಪ್ಪಿಗೆ ಮಾದರಿಯ ಮೇಲೆ 1.3 ಟನ್ನೋ 1.7 ಟನ್ನೋ ಮಿತಿ. ಕಾಶಿಯವರು ಮಣದ ಲೆಕ್ಕದಲ್ಲಿ ಹೇರುತ್ತಾರೆ, ನಲವತ್ತು ಕಿಲೋದ ಮಣ ಅದು, ನಮ್ಮ ಅಜ್ಜಂದಿರ ಮಣ ಅಲ್ಲ. ನೀವು ಬಾಕ್ಸಿನ ಲೆಕ್ಕದಲ್ಲಿ, ಮೂಟೆಯ ಲೆಕ್ಕದಲ್ಲಿ ಹೇರುತ್ತೀರಿ. ಟೈರಿಗೆ ಗೊತ್ತಿರುವುದು ಕಿಲೋ ಒಂದೇ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು, ಹಾಗಾಗಿ ಒಣಗಿದ ಸೌದೆಗೆ ಸರಿಯಿದ್ದ ಎತ್ತರ ಹಸಿ ಸೌದೆಗೆ ಸರಿಯಲ್ಲ. ಮಳೆಯಲ್ಲಿ ನೆನೆದ ಮರಳು, ಗೊಬ್ಬರ, ಮೇವು ಎಲ್ಲಕ್ಕೂ ಇದೇ ಮಾತು.

ಹೆಂಡತಿ, ಮಗ, ರಾಜ್ಯ ಎಲ್ಲ ಹೋದರೂ ಸುಳ್ಳಾಡದವನು ಕಾಯ್ದ ಸ್ಮಶಾನ ಎಂದು ಹರಿಶ್ಚಂದ್ರ ಘಾಟಿಗೆ ಹೆಸರು. ರಾಘವಾಂಕನ ದಯೆಯಿಂದ ಆ ಕತೆ ಕನ್ನಡಿಗರಿಗೆ ಮನೆಯ ಕತೆಯೇ. ಆದರೆ ಟೈರ್ ಅಂಗಡಿಯ ಮುಂದೆ ನಿಂತಾಗ ನೀವು ಯಾರೂ ಹರಿಶ್ಚಂದ್ರರಾಗುವುದಿಲ್ಲ. ‘ಏನು ಲೋಡು ಹಾಕ್ತೀರಿ ಅಣ್ಣಾ?’ ಎಂದು ಅಂಗಡಿಯವನು ಕೇಳಿದರೆ ‘ಅಷ್ಟೇನಿಲ್ಲ, ಸುಮಾರು ಒಂದು ಟನ್’ ಎನ್ನುತ್ತೀರಿ. ಯಾರಿಗೆ ಹೇಳಿದ ಸುಳ್ಳು ಅದು? ಆತ ಆರ್‌ಟಿಒ ಅಲ್ಲವಲ್ಲ.

ಆದ್ದರಿಂದ ಮೊದಲು ತೂಕ, ಆಮೇಲೆ ಟೈರ್. ನೀವು ಯಾವತ್ತೂ ಹೇರುವಷ್ಟನ್ನೇ ಹೇರಿ ವೇಬ್ರಿಡ್ಜಿಗೆ ಹೋಗಿ. ಪೂರ್ತಿ ಗಾಡಿಯ ತೂಕ ಹಾಕಿಸಿ ಚೀಟಿ ತೆಗೆದುಕೊಳ್ಳಿ. ನಂತರ ಹಿಂದಿನ ಎರಡು ಚಕ್ರ ಮಾತ್ರ ತಟ್ಟೆಯ ಮೇಲಿರುವಂತೆ ನಿಲ್ಲಿಸಿ ಮತ್ತೊಂದು ಚೀಟಿ ಕೇಳಿ. ಹಿಂದಿನ ಅಚ್ಚಿನ ಮೇಲೆ 2,000 ಕಿಲೋ ಬಂತು ಎಂದುಕೊಳ್ಳಿ, ಆಗ ಒಂದೊಂದು ಟೈರಿಗೆ ಸಾವಿರ ಕಿಲೋ. ಮೊದಲ ಚೀಟಿಯನ್ನು ಆರ್‌ಸಿಯಲ್ಲಿ ಬರೆದ ಒಟ್ಟು ತೂಕದ ಜೊತೆ ಇಟ್ಟು ನೋಡಿ. ಮೀರಿದ್ದರೆ ಟೈರ್ ಬದಲಿಸುವುದು ಪರಿಹಾರವಲ್ಲ, ಎರಡು ಟ್ರಿಪ್ ಹೊಡೆಯುವುದೇ ಪರಿಹಾರ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಗಟ್ಟಿ ಟೈರ್ ಹಾಕಿಸಿದ ಮಾತ್ರಕ್ಕೆ ನಿಮ್ಮ ಬ್ರೇಕು, ಅಚ್ಚು, ಬೇರಿಂಗು, ಸ್ಪ್ರಿಂಗ್ ಪಟ್ಟೆ ಗಟ್ಟಿಯಾಗುವುದಿಲ್ಲ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಹೆಚ್ಚುವರಿ ಲೋಡಿಗೆ ಇಪ್ಪತ್ತು ಸಾವಿರ ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಮತ್ತೆ ಎರಡು ಸಾವಿರ. ಟೈರಿನ ದುಡ್ಡು ಹೀಗೆ ರಸ್ತೆಯ ಮೇಲೇ ಕರಗುತ್ತದೆ.

ಈಗ ಟೈರಿನ ಪಕ್ಕೆಯನ್ನು ಓದಲು ಕಲಿಯಿರಿ. ಅಳತೆಯ ಪಕ್ಕದಲ್ಲಿ 104/102 ಎಂಬ ರೀತಿಯ ಎರಡು ಅಂಕಿ ಇರುತ್ತವೆ. ಮೊದಲನೆಯದು ಒಂಟಿ ಚಕ್ರಕ್ಕೆ, ಎರಡನೆಯದು ಜೋಡಿ ಚಕ್ರಕ್ಕೆ. ನಿಮ್ಮ ಪಿಕಪ್ಪಿನ ಹಿಂದೆ ಒಂದೊಂದೇ ಚಕ್ರವಾದರೆ ಮೊದಲನೆಯದನ್ನೇ ನೋಡಿ. ಈ ಅಂಕಿ ಕಿಲೋ ಅಲ್ಲ, ಕಿಲೋವಿನ ಗುರುತು: 100 ಅಂದರೆ 800 ಕಿಲೋ, 104 ಅಂದರೆ 900, 108 ಅಂದರೆ 1,000, 112 ಅಂದರೆ 1,120. ಟೈರಿಗೆ ಸಾವಿರ ಕಿಲೋ ಬೀಳುವ ಗಾಡಿಗೆ 108 ಹಾಕಿಸಿದರೆ ಲೆಕ್ಕ ಸರಿ, ಬುದ್ಧಿ ಸರಿಯಿಲ್ಲ. ಸೌದೆ ಯಾವತ್ತೂ ನಡುಮಧ್ಯಕ್ಕೆ ಕೂರುವುದಿಲ್ಲ, ತಿರುವಿನಲ್ಲಿ ಒಂದು ಪಕ್ಕಕ್ಕೆ ಭಾರ ವಾಲುತ್ತದೆ, ಗುಂಡಿಯಲ್ಲಿ ಇಳಿದಾಗ ಇನ್ನಷ್ಟು ಒತ್ತುತ್ತದೆ. ಕಂಪನಿ ಒಪ್ಪಿದ ಅಳತೆಯಲ್ಲೇ 112 ಸಿಕ್ಕರೆ ಅದನ್ನು ತೆಗೆದುಕೊಳ್ಳಿ. ಕಂಪನಿ ಕೊಟ್ಟಿದ್ದಕ್ಕಿಂತ ಕಡಿಮೆ ಅಂಕಿಯದನ್ನಂತೂ ಪುಕ್ಕಟೆ ಕೊಟ್ಟರೂ ಬೇಡ. ‘8ಪಿಆರ್’ ಎಂದಿದ್ದರೆ ಒಳಗೆ ಎಂಟು ಪದರ ಇದೆ ಎಂದು ಭ್ರಮಿಸಬೇಡಿ, ಅದು ಬಲದ ದರ್ಜೆ ಮಾತ್ರ. ಅಳತೆ ಕೂಡುತ್ತದೆಂದು ಕಾರಿನ ಟೈರನ್ನು ಪಿಕಪ್ಪಿಗೆ ಕೂರಿಸುವವರಿದ್ದಾರೆ. ಆ ಅಂಗಡಿಯ ಚಹಾ ಕುಡಿದು, ಟೈರ್ ಬೇರೆ ಕಡೆ ತೆಗೆದುಕೊಳ್ಳಿ.

ಐಎಸ್‌ಐ ಗುರುತು ಇದೆಯೇ ನೋಡಿ. ತಯಾರಾದ ದಿನ ನಾಲ್ಕು ಅಂಕಿಯಲ್ಲಿರುತ್ತದೆ: 2325 ಎಂದಿದ್ದರೆ 2025ರ ಇಪ್ಪತ್ತಮೂರನೇ ವಾರ. ವರ್ಷಗಟ್ಟಲೆ ಗೋಡೌನಿನಲ್ಲಿ ಕೂತ ಮಾಲನ್ನು ರಿಯಾಯಿತಿ ಎಂದು ಕಟ್ಟಿಕೊಳ್ಳಬೇಡಿ. ಸೆಕೆಂಡ್ ಹ್ಯಾಂಡ್ ಟೈರಿಗೆ ಕಪ್ಪು ಬಳಿದು, ಸವೆದ ಗೀರನ್ನು ಮತ್ತೆ ಕೊರೆದು ಮಾರುವುದೂ ಉಂಟು. ಮೇಲೆ ಥಳಕು, ಒಳಗೆ ಹುಳುಕು. ರೀಟ್ರೆಡ್ ಬೇಡವೇ ಬೇಡ ಎನ್ನುವವಳು ನಾನಲ್ಲ, ಒಳ್ಳೆಯ ಕೈಯಲ್ಲಿ ಆದದ್ದು ಹಿಂದಿನ ಚಕ್ರಕ್ಕೆ ಬಾಳುತ್ತದೆ. ಮುಂದಿನ ಚಕ್ರಕ್ಕೆ ಮಾತ್ರ ಹಾಕಬೇಡಿ, ಅಲ್ಲಿ ಟೈರ್ ಸಿಡಿದರೆ ಸ್ಟೇರಿಂಗ್ ನಿಮ್ಮ ಕೈಯಲ್ಲಿರುವುದಿಲ್ಲ.

ಒಂದೇ ಅಚ್ಚಿನ ಎರಡು ಚಕ್ರಕ್ಕೆ ಎರಡು ಜಾತಿ ಟೈರ್ ಹಾಕಿಸುವ ಚಾಳಿ ಬಿಡಿ. ಒಂದು ರೇಡಿಯಲ್, ಒಂದು ನೈಲಾನ್. ಒಂದು ಹೊಸದು, ಒಂದು ಬೋಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಗಾಡಿ ಅತ್ತಿತ್ತ ಎಳೆಯುತ್ತದೆ. ಬದಲಿಸುವುದಾದರೆ ಜೋಡಿಯಾಗಿ ಬದಲಿಸಿ. ಹೊಸದನ್ನು ಲೋಡು ಹೊರುವ ಹಿಂದಕ್ಕೆ ಹಾಕಿಸಿ, ಮುಂದಿನವೂ ಬೋಳಾಗಿರಬಾರದು. 1.6 ಮಿಲಿಮೀಟರಿಗಿಂತ ಗೀರು ಸವೆದರೆ ಕಾನೂನೇ ಒಪ್ಪುವುದಿಲ್ಲ, ಗೀರಿನ ನಡುವಿನ ಸಣ್ಣ ದಿಮ್ಮಿ ಮಟ್ಟಕ್ಕೆ ಬಂತೆಂದರೆ ಕಾಲ ಮುಗಿಯಿತು. ಒಂದೇ ಅಂಚು ಸವೆದಿದ್ದರೆ ಟೈರಿಗೆ ಬೈಯಬೇಡಿ, ಅಲೈನ್‌ಮೆಂಟ್ ನೋಡಿಸಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಸ್ಪ್ರಿಂಗ್ ಪಟ್ಟೆ ಮುರಿದದ್ದಕ್ಕೆ ಟೈರ್ ಕಂಪನಿಯನ್ನು ದೂರುವವರೇ ಹೆಚ್ಚು.

ಇಷ್ಟೆಲ್ಲ ಕೊಂಡ ಮೇಲೆ ಗಾಳಿಯ ವಿಷಯದಲ್ಲಿ ಜಿಪುಣತನ ಮಾಡುತ್ತೀರಲ್ಲ, ಅದಕ್ಕೆ ಏನು ಹೇಳಲಿ! ಭಾರ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ಟೈರಿನ ಮೇಲೆ ಬರೆದ ಭಾರ ಅದಕ್ಕೆ ಹೇಳಿದ ಗಾಳಿ ಇದ್ದಾಗ ಮಾತ್ರ ನಿಜ. ಗಾಳಿ ಕಡಿಮೆಯಿದ್ದರೆ ಒಂದೊಂದು ಸುತ್ತಿಗೂ ಪಕ್ಕೆ ಮಡಚಿ ಬಿಚ್ಚಿ ಬಿಸಿಯೇರುತ್ತದೆ, ಬಿಸಿಗೆ ಒಳಗಿನ ಪದರ ಬಿಡುತ್ತದೆ, ಒಂದು ದಿನ ಢಂ. ಕಾಶಿಯ ಜ್ಯೇಷ್ಠದ ಬಿಸಿಲಿಗೂ, ರಾಯಚೂರು ಕಲಬುರಗಿಯ ಬಿಸಿಲಿಗೂ ಕರುಣೆ ಇಲ್ಲ. ಕಾರಿಗೆ ಹಿಡಿಸುವ ಮೂವತ್ತೈದನ್ನೇ ಪಿಕಪ್ಪಿಗೂ ಹಿಡಿಸಬೇಡಿ. ಖಾಲಿಗೆಷ್ಟು, ಲೋಡಿಗೆಷ್ಟು ಎಂದು ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ, ಡ್ರೈವರಿಗೆ ಓದಿ ಹೇಳಿ. ಬೆಳಿಗ್ಗೆ ಚಕ್ರ ತಣ್ಣಗಿರುವಾಗ ನೋಡಿಸಿ. ಓಡಿ ಬಂದ ಬಿಸಿ ಟೈರಿನಲ್ಲಿ ಗಾಳಿ ಜಾಸ್ತಿ ತೋರಿಸಿತೆಂದು ಬಿಡಬೇಡಿ. ನೈಟ್ರೋಜನ್ ತುಂಬಿಸಿದರೆ ಬೇಡ ಎನ್ನಲಾರೆ, ಆದರೆ ತುಂಬಿಸಿ ತಿಂಗಳುಗಟ್ಟಲೆ ಮರೆಯುವುದಕ್ಕಿಂತ ವಾರಕ್ಕೊಮ್ಮೆ ನೋಡುವ ಮಾಮೂಲಿ ಗಾಳಿಯೇ ಲೇಸು.

ಇನ್ನು ಟೈರ್ ಕೂರುವ ಡಿಸ್ಕ್. ಹುಡುಗರಿಗೆ ಅಗಲ ಟೈರ್, ಹೊಳೆಯುವ ಅಲಾಯ್, ಆಚೆ ಚಾಚಿಕೊಂಡ ಚಕ್ರ ಬೇಕು. ಮದುವೆ ಗಾಡಿಗಾದರೆ ಸರಿ ಎನ್ನೋಣ, ದುಡಿಯುವ ಗಾಡಿಗೆ ಬೇಡ. ಬೋಲ್ಟಿನ ತೂತು ಕೂಡಿತೆಂದ ಮಾತ್ರಕ್ಕೆ ಡಿಸ್ಕ್ ಹೊಂದಿತೆಂದಲ್ಲ. ನಡುವಿನ ತೂತು ಹಬ್ಬಿಗೆ ಸರಿಯಾಗಿ ಕೂರಬೇಕು, ನಟ್ಟಿನ ಓರೆ ಡಿಸ್ಕಿನ ಓರೆಗೆ ಹೊಂದಬೇಕು, ರಿಮ್ಮಿನ ಅಗಲ ಆ ಟೈರಿಗೆ ಹೇಳಿದಷ್ಟೇ ಇರಬೇಕು. ಚಕ್ರ ಹೊರಗೆ ಸರಿದಷ್ಟೂ ಬೇರಿಂಗಿನ ಮೇಲೆ ಹೊರೆ ಹೆಚ್ಚು. ಡಿಸ್ಕಿಗೂ ಅದರದೇ ಭಾರದ ಮಿತಿ ಇದೆ. ಹೊಸ ಟೈರ್ 1,120 ಕಿಲೋ ಹೊತ್ತರೂ ಡಿಸ್ಕ್ ಒಂಬೈನೂರಕ್ಕೆ ಬಿರುಕು ಬಿಟ್ಟರೆ ಏನು ಬಂತು? ಕಂಪನಿಯ ಉಕ್ಕಿನ ಡಿಸ್ಕೇ ಇದಕ್ಕೆ ಹೇಳಿ ಮಾಡಿಸಿದ್ದು. ಬಿರುಕು ಬಿಟ್ಟದ್ದನ್ನು ವೆಲ್ಡಿಂಗ್ ಮಾಡಿಸಿ ಲೋಡಿಗೆ ಬಿಡಬೇಡಿ. ಚಕ್ರ ಕಟ್ಟಿಸಿಕೊಂಡ ಮೇಲೆ ಮೊದಲ ಐವತ್ತು, ನೂರು ಕಿಲೋಮೀಟರಿಗೆ ನಿಲ್ಲಿಸಿ ನಟ್ಟುಗಳ ಬಿಗಿಯನ್ನು ಮತ್ತೊಮ್ಮೆ ನೋಡಿಸಿ. ಇದನ್ನು ಮಾಡುವವರು ನೂರಕ್ಕೆ ಹತ್ತು ಜನ ಇದ್ದರೆ ಹೆಚ್ಚು ಎಂದು ನನ್ನ ಗುಮಾನಿ.

ಹಿಂದೆ ಕಾಶಿಯಿಂದ ಹೊರಟು ಜಬಲ್‌ಪುರ, ನಾಗಪುರ, ಹೈದರಾಬಾದ್ ದಾಟಿ ಬೆಂಗಳೂರಿನ ಮೇಲೆ ಕನ್ಯಾಕುಮಾರಿಗೆ ಹೋಗುತ್ತಿದ್ದದ್ದು ಒಂದೇ ಏಳನೇ ನಂಬರಿನ ಹೆದ್ದಾರಿ. ನಂಬರು ಬದಲಾಯಿತು, ದೂರ ಬದಲಾಗಲಿಲ್ಲ. ಅಂಥ ದಾರಿಯಲ್ಲಿ ಸ್ಟೆಪ್ನಿ ನೆನಪಾಗುವುದು ಟೈರ್ ಹೋದ ಮೇಲೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಾಲ್ಕು ಚಕ್ರಕ್ಕೆ ಹಾಕಿಸಿದ ಅಳತೆಯೇ, ಅದೇ ಭಾರದ ಅಂಕಿಯೇ ಸ್ಟೆಪ್ನಿಗೂ ಇರಲಿ. ಚಾಸಿಯ ಕೆಳಗೆ ಕೆಸರು ಮೆತ್ತಿಕೊಂಡು ತೂಗುತ್ತಿರುವ ಅದನ್ನು ಮುಂದಿನ ಲೋಡಿಗೆ ಮೊದಲೇ ಇಳಿಸಿ, ತೊಳೆದು, ಗಾಳಿ ಹಿಡಿಸಿ. ಜಾಕ್ ಲೋಡಿನ ಗಾಡಿಯನ್ನು ಎತ್ತುತ್ತದೆಯೇ, ಸ್ಪ್ಯಾನರ್ ಹೊಸ ನಟ್ಟಿಗೆ ಕೂರುತ್ತದೆಯೇ ಎಂದು ಅಂಗಡಿಯ ಮುಂದೆಯೇ ನೋಡಿಕೊಳ್ಳಿ.