ಕಾಫಿ, ಓಟ ಮತ್ತು ಹೃದಯದ ಬಡಿತ

ಓಟದ ಪಂದ್ಯಕ್ಕೆ ಹೊರಟ ವಿದ್ಯಾರ್ಥಿಯೊಬ್ಬನು ಒಂದು ಲೋಟ ಕಾಫಿಯನ್ನು ಕುಡಿಯುತ್ತಾನೆ. ಮೈ ಚುರುಕಾಗುತ್ತದೆ, ಎದೆ ಡವಗುಟ್ಟುತ್ತದೆ. ಹೃದಯಕ್ಕೆ ಬಲ ಬಂದಿತೆಂದು ಅವನು ಭಾವಿಸುತ್ತಾನೆ. ಈ ಭಾವನೆ ಎಷ್ಟರ ಮಟ್ಟಿಗೆ ಸರಿ?

ಹೃದಯವು ಒಂದು ಪಂಪು. ಅದು ಎಷ್ಟು ಸಲ ಬಡಿಯಿತೆಂಬುದರ ಜೊತೆಗೆ, ಪ್ರತಿ ಸಲವೂ ಎಷ್ಟು ರಕ್ತವನ್ನು ದೂಡಿತೆಂಬುದನ್ನೂ ನೋಡಬೇಕು. ವಿಶ್ರಾಂತಿಯಲ್ಲಿರುವ ಸಾಮಾನ್ಯ ಮನುಷ್ಯನ ಹೃದಯವು ನಿಮಿಷಕ್ಕೆ ಸುಮಾರು 72 ಬಾರಿ, ಬಡಿತಕ್ಕೆ 70 ಮಿಲಿಲೀಟರಿನಂತೆ ರಕ್ತವನ್ನು ಕಳುಹಿಸುತ್ತದೆ. ಗುಣಿಸಿದರೆ ನಿಮಿಷಕ್ಕೆ ಸುಮಾರು 5 ಲೀಟರು. ವರ್ಷಗಟ್ಟಲೆ ದೂರದ ಓಟವನ್ನು ಅಭ್ಯಾಸಮಾಡಿದವನ ಹೃದಯದ ಎಡ ಕೆಳಕೋಣೆ ಹಿಗ್ಗಿರುತ್ತದೆ. ಒಂದೇ ಬಡಿತಕ್ಕೆ 100 ಮಿಲಿಲೀಟರನ್ನು ದೂಡುವ ಹೃದಯಕ್ಕೆ ಅದೇ 5 ಲೀಟರಿಗೆ 50 ಬಡಿತ ಸಾಕು. ಅಂಥವನ ನಾಡಿ ಮಂದವಾಗಿರುವುದು ದೌರ್ಬಲ್ಯದ ಲಕ್ಷಣವಲ್ಲ.

ಓಡುವಾಗಲಾದರೋ? ಇಪ್ಪತ್ತು ವರ್ಷದ ತರುಣನ ಹೃದಯವು ಹೆಚ್ಚೆಂದರೆ ನಿಮಿಷಕ್ಕೆ ಸುಮಾರು 200 ಬಾರಿ ಬಡಿಯಬಲ್ಲುದು. ವಿಚಿತ್ರವೆಂದರೆ, ಅಭ್ಯಾಸದಿಂದ ಈ ಮಿತಿಯು ಮೇಲೇರುವುದಿಲ್ಲ. ಏರುವುದು ಪ್ರತಿ ಬಡಿತದ ರಕ್ತದ ಪ್ರಮಾಣ. ಅಭ್ಯಾಸವಿಲ್ಲದವನ ಹೃದಯ 20 ಲೀಟರಿನ ಆಸುಪಾಸಿನಲ್ಲಿ ನಿಂತರೆ, ನುರಿತ ಓಟಗಾರನದು 30 ಲೀಟರನ್ನೂ ಮೀರುವುದುಂಟು.

ಕಾಫಿಯಲ್ಲಿರುವ ಕೆಫೀನು ಮಾಡುವ ಕೆಲಸ ಬೇರೆ ಬಗೆಯದು. ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತ, ಜೀವಕೋಶಗಳ ಮೇಲಿನ ಗೊತ್ತಾದ ನೆಲೆಗಳಲ್ಲಿ ಕುಳಿತು ಆಯಾಸವನ್ನು ಸಾರುತ್ತದೆ. ಅಣುವಿನ ಆಕಾರದಲ್ಲಿ ಅದನ್ನು ಹೋಲುವ ಕೆಫೀನು ಆ ನೆಲೆಗಳನ್ನು ಮೊದಲೇ ಆಕ್ರಮಿಸುತ್ತದೆ, ಬಸ್ಸಿನಲ್ಲಿ ಟವಲು ಹಾಕಿ ಸ್ಥಳ ಹಿಡಿದಂತೆ! ದಣಿವಿನ ಸುದ್ದಿ ತಡವಾಗಿ ಮುಟ್ಟುತ್ತದೆ. ದಣಿವು ಇದ್ದಲ್ಲೇ ಇರುತ್ತದೆ.

ನಿತ್ಯವೂ ಕಾಫಿ ಕುಡಿಯುವವನ ನಾಡಿಯು ಒಂದು ಲೋಟದಿಂದ ಅಷ್ಟಾಗಿ ಬದಲಾಗದು. ರೂಢಿಯಿಲ್ಲದವನಿಗೆ, ಅತಿಯಾಗಿ ಕುಡಿದವನಿಗೆ ಎದೆ ಹೊಡೆದುಕೊಳ್ಳಬಹುದು. (ನಮ್ಮ ವಿದ್ಯಾರ್ಥಿಯ ವಿಷಯದಲ್ಲಿ ಪಂದ್ಯದ ಆತಂಕದ ಪಾಲೂ ಇದ್ದೀತು.) ಒಂದೇ ವೇಗದಲ್ಲಿ ಓಡುವಾಗ, ಕೆಫೀನು ಸೇವಿಸಿದ್ದರೂ ಸೇವಿಸದಿದ್ದರೂ ಬಡಿತದ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಆದರೂ ದೂರದ ಓಟದಲ್ಲಿ ಅದು ನೆರವಾಗುವುದೆಂಬುದು ಪ್ರಯೋಗಗಳಿಂದ ಸಿದ್ಧವಾಗಿದೆ. ಮಿತಿಮೀರಿದ ಕೆಫೀನನ್ನು ಕ್ರೀಡಾಪಟುಗಳಿಗೆ ನಿಷೇಧಿಸಿದ್ದ ನಿಯಮವನ್ನು 2004ರಲ್ಲಷ್ಟೆ ಕೈಬಿಡಲಾಯಿತು.

ಅಪಾಯವಿರುವುದು ಬೇಸಗೆಯಲ್ಲಿ. ದೀರ್ಘಕಾಲ ಓಡಿದಾಗ ಬೆವರಿನಿಂದ ರಕ್ತದ ನೀರಿನಂಶ ಕುಗ್ಗಿ, ಬಡಿತಕ್ಕೆ ಹೊರಡುವ ರಕ್ತ ಕಡಮೆಯಾಗುತ್ತದೆ; ಆ ಕೊರತೆಯನ್ನು ತುಂಬಲು, ವೇಗ ಅಷ್ಟೇ ಇದ್ದರೂ ನಾಡಿ ಏರುತ್ತ ಹೋಗುತ್ತದೆ. ಆಗ ದಣಿವಿನ ಸುದ್ದಿ ತಡವಾದರೆ ಓಡುವವನು ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ.

ತನ್ನ ಹೃದಯದ ಸ್ಥಿತಿಯನ್ನು ಅರಿಯಬಯಸುವ ವಿದ್ಯಾರ್ಥಿಯು ಬೆಳಗ್ಗೆ ಎಚ್ಚರವಾದೊಡನೆ, ಹಾಸಿಗೆಯಲ್ಲಿದ್ದಂತೆಯೇ, ಒಂದು ನಿಮಿಷ ನಾಡಿಯನ್ನೆಣಿಸಿ ಬರೆದಿಡಲಿ. ಕುಡಿದ ಕೆಫೀನಿನಲ್ಲಿ ಅರ್ಧ ಭಾಗ ಕರಗಲು ಸುಮಾರು 5 ಗಂಟೆ ಬೇಕು. ಆದ್ದರಿಂದ ಹಿಂದಿನ ರಾತ್ರಿ ಕಾಫಿ ಬೇಡ. ದಿನವೂ ಓಡುತ್ತ, ಮೂರು ತಿಂಗಳ ಬಳಿಕ ಆ ಪಟ್ಟಿಯನ್ನು ಮೊದಲಿನಿಂದ ಓದಿ ನೋಡಲಿ.