ಎರಡು ಗಂಡು, ಒಂದೇ ಚೀಲ

ಕಾರ್ತಿಕ,

ನಿನ್ನ ಶುಗರ್ ಗ್ಲೈಡರ್‌ಗಳ ಕಾದಾಟದ ಸುದ್ದಿ ನಿಮ್ಮಮ್ಮ ಹೇಳಿದಳು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮಾಕಳಿ, ಮಾದಾವರದ ಕಡೆ ಇವನ್ನು ಸಾಕಿರುವ ನಿನ್ನ ವಯಸ್ಸಿನವರು ಬೇರೆಯವರೂ ಇದ್ದಾರು, ಅವರೂ ಓದಲಿ ಅಂತ ಬರೆಯುತ್ತಿದ್ದೇನೆ.

ಹೊಸದಾಗಿ ತಂದ ಗಂಡಿಗೆ ಪೊಗರು ಅನ್ನುತ್ತೀಯಂತೆ. ಪೊಗರಲ್ಲಪ್ಪ. ಆಸ್ಟ್ರೇಲಿಯಾದ ಕಾಡಿನಲ್ಲಿ ಈ ಪುಟ್ಟ ಪ್ರಾಣಿಗಳು ಮರದ ಪೊಟರೆಯೊಳಗೆ ಗುಂಪಾಗಿ ಮಲಗುತ್ತವೆ. ನಮ್ಮವರು ಯಾರು, ಹೊರಗಿನವರು ಯಾರು ಅನ್ನುವುದನ್ನು ತೀರ್ಮಾನಿಸುವುದು ಮೂಗು. ಬಲಿತ ಗಂಡಿನ ನೆತ್ತಿಯ ಮೇಲೆ ಬೋಳು ಕಾಣುತ್ತದಲ್ಲ, ಅದು ಕಜ್ಜಿಯಲ್ಲ, ವಾಸನೆಯ ಗ್ರಂಥಿ. ಅದನ್ನು ಗುಂಪಿನವುಗಳ ಮೈಗೆ ಉಜ್ಜಿ ಗುರುತು ಹಾಕುತ್ತದೆ. ಆ ಗುರುತಿಲ್ಲದ್ದು ಮಲಗುವ ಚೀಲಕ್ಕೆ ಬಂದರೆ ಅದರ ಲೆಕ್ಕದಲ್ಲಿ ಕಳ್ಳನೇ. ನೀನು ಪೇಟೆಯಿಂದ ತಂದ ದಿನವೇ ಒಳಕ್ಕೆ ಬಿಟ್ಟೆ. ಮತ್ತೇನಾಗುತ್ತದೆ?

ಈಗಲೇ ಎರಡನ್ನೂ ಬೇರೆ ಮಾಡು. ಹೊಸದು ತಿಂಗಳ ಕಾಲ ಬೇರೆ ಕೋಣೆಯಲ್ಲಿರಲಿ, ರೋಗಗೀಗ ಇದ್ದರೂ ತಿಳಿಯುತ್ತದೆ. ಆಮೇಲೆ ಪಂಜರಗಳನ್ನು ಪಕ್ಕಪಕ್ಕ ಇಡು. ಆದರೆ ತಾಗಿಸಬೇಡ, ಸರಳಿನ ಸಂದಿಯಿಂದ ಕಾಲ್ಬೆರಳು ಕಚ್ಚಿಬಿಡುತ್ತವೆ. ಬೆಳಿಗ್ಗೆ ಮಲಗುವ ಹೊತ್ತಿಗೆ ಇದರ ಬಟ್ಟೆಚೀಲ ಅದಕ್ಕೆ, ಅದರದ್ದು ಇದಕ್ಕೆ. ಒಗೆಯದೆ ಕೊಡು, ಒಗೆದರೆ ಕೊಟ್ಟೂ ಪ್ರಯೋಜನವಿಲ್ಲ. ಮೊದಮೊದಲು ಮೂಸಿ ಕರಕರ ಅನ್ನುತ್ತವೆ, ಹಳೇ ಹೊಲಿಗೆ ಮೆಷಿನ್ ಓಡಿಸಿದ ಹಾಗೆ. ಆ ಸದ್ದು ಹೆದರಿಕೆಯದ್ದು, ಅದಕ್ಕೆ ನೀನು ಗಾಬರಿಯಾಗಬೇಡ. ಪರರ ಚೀಲದಲ್ಲಿ ಸುಮ್ಮನೆ ಸುರುಳಿ ಸುತ್ತಿ ಮಲಗುವಷ್ಟು ಆದ ಮೇಲೆ ಮುಂದಿನ ಮಾತು. ಅದಕ್ಕೆ ಇಷ್ಟೇ ದಿನ ಅಂತ ಗಡುವಿಲ್ಲ.

ಮೊದಲ ಭೇಟಿಗೆ ನಿಮ್ಮ ಬಚ್ಚಲುಮನೆಯೇ ಸರಿ, ಅದು ಇಬ್ಬರದ್ದೂ ಅಲ್ಲ. ಕಮೋಡಿನ ಮುಚ್ಚಳ ಹಾಕು, ಬಕೆಟ್ಟಿನ ನೀರು ಚೆಲ್ಲು, ಬಿದ್ದರೆ ಮುಳುಗುತ್ತವೆ. ದಪ್ಪ ಟವೆಲ್ ಕೈಯಲ್ಲಿರಲಿ. ಅಟ್ಟಿಸಿಕೊಂಡು ಹೋಗುವುದು, ಗದರುವುದು ಇದ್ದದ್ದೇ. ಎರಡೂ ಒಂದಕ್ಕೊಂದು ಸುತ್ತಿಕೊಂಡು ಉಂಡೆಯಾಗಿ ಉರುಳಿ, ಕೂದಲು ಹಾರಿದರೆ ಮಾತ್ರ ಟವೆಲ್ ಹಾಕಿ ಬಿಡಿಸು. ಬರಿಗೈ ಹಾಕೀಯೆ! ಕೆಳಗಿನ ಬಾಚಿಹಲ್ಲುಗಳು ಉದ್ದ, ಚೂಪು.

ಒಂದಾದ ಮೇಲೂ ಪಂಜರದಲ್ಲಿ ಊಟದ ಬಟ್ಟಲು ಎರಡು, ಚೀಲ ಎರಡು, ಮೇಲೊಂದು ಕೆಳಗೊಂದು ಇರಲಿ. ಭಾನುವಾರ ಬಂತೆಂದು ಎಲ್ಲವನ್ನೂ ಒಟ್ಟಿಗೆ ಡೆಟಾಲ್ ಹಾಕಿ ತೊಳೆಯಬೇಡ. ಗುರುತೆಲ್ಲ ಅಳಿಸಿಹೋಗಿ ಹಳೆಯ ಜೋಡಿಯೂ ಕಚ್ಚಾಡುತ್ತದೆ. ಚೀಲವನ್ನು ಈ ವಾರ, ಹಗ್ಗ-ಕೊಂಬೆಯನ್ನು ಮುಂದಿನ ವಾರ.

ಇಷ್ಟಾದರೂ ಬೀಜ ಒಡೆಯದ ಎರಡು ಗಂಡು ಒಂದೇ ಪಂಜರದಲ್ಲಿ ನೆಮ್ಮದಿಯಾಗಿರುತ್ತವೆ ಎಂಬ ನಂಬಿಕೆ ನನಗಿಲ್ಲ, ಜೊತೆಗೆ ಹೆಣ್ಣಿದ್ದರಂತೂ ಮುಗಿದೇಹೋಯಿತು. ಮಗ ಬಲಿತರೆ ಅಪ್ಪನೇ ಅಟ್ಟುತ್ತಾನೆ. ಗಂಡಿಗೆ ಸಂತಾನಹರಣ ಮಾಡಿಸುವುದೇ ಗಟ್ಟಿ ಉಪಾಯ. ನೂರು ಗ್ರಾಂ ಆಸುಪಾಸಿನ ಜೀವ, ಅರಿವಳಿಕೆ ಕೊಟ್ಟು ಅಭ್ಯಾಸವಿರುವ ಡಾಕ್ಟರೇ ಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗುವುದಾದರೆ ಇಂಥ ಪ್ರಾಣಿ ನೋಡುವವರು ಯಾವಾಗ ಸಿಗುತ್ತಾರೆ ಅಂತ ಮೊದಲೇ ವಿಚಾರಿಸು. ಆಪರೇಷನ್ ಆದ ಮಾರನೇ ದಿನವೇ ಸಾಧುವಾಗುವುದಿಲ್ಲ, ಕೆಲವು ವಾರ ಹಿಡಿಯುತ್ತದೆ. ಹೊಲಿಗೆ ಹಾಕಿದ ಜಾಗವನ್ನು ತಾನೇ ಕಚ್ಚಿಕೊಳ್ಳುವ ಚಾಳಿಯುಂಟು, ರಾತ್ರಿ ಎದ್ದು ನೋಡುತ್ತಿರು.

ಏನು ಮಾಡಿದರೂ ಹೊಂದಿಕೊಳ್ಳದಿದ್ದರೆ ಪಕ್ಕಪಕ್ಕದ ಎರಡು ಪಂಜರ, ಅಷ್ಟೇ. ಕಾಣುತ್ತಾ ಕೇಳುತ್ತಾ ಇರಲಿ. ಪೂರಾ ಒಂಟಿಯಾದರೆ ಮಂಕಾಗುತ್ತವೆ, ತಮ್ಮ ಮೈಯನ್ನೇ ಕಿತ್ತುಕೊಳ್ಳುತ್ತವೆ. ನೆಲಮಂಗಲದ ಕಡೆಯ ನೀಲಗಿರಿ ತೋಪು ನೋಡಿ, ಇದರ ತವರಿನ ಮರವೇ ತಾನೇ, ಬಿಟ್ಟುಬರೋಣ ಅಂತ ಮನಸ್ಸು ಮಾಡಬೇಡ. ಪಂಜರದಲ್ಲಿ ಬೆಳೆದದ್ದು ಗೂಬೆ, ಬೆಕ್ಕಿನ ಬಾಯಿಗೆ ಹೋಗುತ್ತದೆ. ಇನ್ನೊಂದು: ಅಂಗಡಿಯವನು ಇದನ್ನು ಹಾರುವ ಅಳಿಲು ಅಂದನಂತೆ. ಅಳಿಲಿಗಿಂತ ಕಾಂಗರೂವಿಗೆ ಹತ್ತಿರದ ನೆಂಟ ಇದು, ಮರಿಯನ್ನು ಹೊಟ್ಟೆಯ ಚೀಲದಲ್ಲಿ ಸಾಕುವಂಥದ್ದು. ನಿಜವಾದ ಹಾರುವ ಅಳಿಲು ಅಂದರೆ ನಮ್ಮ ಮಲೆನಾಡಿನ ಹಾರುಬೆಕ್ಕು. ಅದನ್ನು ಯಾರಾದರೂ ತೋರಿಸಿ ಕೊಳ್ಳುತ್ತೀಯಾ ಅಂದರೆ ಹತ್ತಿರ ಹೋಗಬೇಡ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ.

ಹೊಸ ಗಂಡಿನ ಬಾಲದ ಗಾಯ ಒದ್ದೆಯಾಗಿಯೇ ಇದೆ ಅಂತ ನಿಮ್ಮಮ್ಮ ಅಂದಳು. ಈ ಪತ್ರದ ಬಾಕಿ ಮಾತೆಲ್ಲ ಆಮೇಲೆ, ಇವತ್ತು ಸಂಜೆಯೊಳಗೆ ಡಾಕ್ಟರಿಗೆ ತೋರಿಸು. ಅರಿಶಿನ ಮೆತ್ತಬೇಡ, ನೆಕ್ಕುತ್ತದೆ.

ನಿನ್ನ ದೊಡ್ಡಪ್ಪ