ವರ್ಗಮೂಲದ ಪಾಠಕ್ಕೆ ಹಿಡಿ ಹುಣಸೆಬೀಜ

ಏಳರ ವರ್ಗ ಎಷ್ಟು ಎಂದರೆ ‘ಹದಿನಾಲ್ಕು’ ಎಂದುಬಿಡುವ ಮಕ್ಕಳು ಎಂಟನೇ ತರಗತಿಯಲ್ಲೂ ಸಿಗುತ್ತಾರೆ. ಅಂಕಿಯ ತಲೆಯ ಮೇಲೆ ಪುಟ್ಟ 2 ಕಂಡರೆ ಸಾಕು, ಎರಡರಿಂದ ಗುಣಿಸಿಬಿಡುತ್ತಾರೆ. ಹಾಗಾಗಿ ಮೊದಲ ದಿನ ಆ 2ನ್ನೂ √ ಚಿಹ್ನೆಯನ್ನೂ ಬೋರ್ಡಿನ ಮೇಲೆ ಬರೆಯದಿರುವುದೇ ವಾಸಿ.

ಮೊದಲು ನೆಲದ ಮೇಲೆ ಚೌಕಾಬಾರದ ಮನೆ ಬರೆಸಿ. ಸಾಲಿಗೆ ಐದರಂತೆ ಐದು ಸಾಲು, ಒಟ್ಟು 25 ಮನೆ. ಬದಿ 5 ಆದರೆ ಮನೆ ಎಷ್ಟು? ಇದು ವರ್ಗ. ಮನೆ 25 ಇದ್ದರೆ ಬದಿ ಎಷ್ಟು? ಇದು ವರ್ಗಮೂಲ.

ಆಮೇಲೆ ಹುಣಸೆಬೀಜ ಹಂಚಿ. ಒಂದು ಬೀಜ ಇಟ್ಟು, ಅದನ್ನೇ ದೊಡ್ಡ ದೊಡ್ಡ ಚೌಕವಾಗಿ ಬೆಳೆಸಲಿ. ಪ್ರತಿ ಸಲ ಎಷ್ಟು ಹೊಸ ಬೀಜ ಬೇಕಾಯಿತೆಂದು ಬರೆದಿಡಲಿ: 3, 5, 7, 9. ಎಲ್ಲವೂ ಬೆಸಸಂಖ್ಯೆಯೇ ಏಕೆ? ನಾಲ್ಕರ ಚೌಕವನ್ನು ಐದಕ್ಕೆ ಹಿಗ್ಗಿಸುವಾಗ ಬಲಕ್ಕೆ 4, ಕೆಳಕ್ಕೆ 4, ಮೂಲೆಗೆ 1. ಆ ಮೂಲೆಯ ಒಂಟಿ ಬೀಜದ್ದೇ ಕರಾಮತ್ತು. ಇದನ್ನು ಮೇಷ್ಟ್ರು ಬಾಯಿಬಿಟ್ಟು ಹೇಳಬಾರದು. ಮಕ್ಕಳೇ ಕಂಡುಕೊಳ್ಳಲು ಒಂದು ಪಿರಿಯಡ್ ಪೂರ್ತಿ ಹಿಡಿದರೂ ನಷ್ಟವಿಲ್ಲ.

ಈಗ ಹಿಂದಕ್ಕೆ ಬನ್ನಿ. 49ರಿಂದ 1, 3, 5 ಹೀಗೆ ಬೆಸಸಂಖ್ಯೆಗಳನ್ನು ಕ್ರಮವಾಗಿ ಕಳೆದರೆ 48, 45, 40, 33, 24, 13, ಕೊನೆಗೆ 0. ಕಳೆದದ್ದು ಏಳು ಸಲ, ವರ್ಗಮೂಲ 7. ಚಿಹ್ನೆ ಪರಿಚಯಿಸಲು ಇದೇ ಹೊತ್ತು. 2, 3, 7, 8ರಲ್ಲಿ ಕೊನೆಯಾಗುವ ಯಾವ ಸಂಖ್ಯೆಯೂ ಪೂರ್ಣವರ್ಗವಲ್ಲ ಎಂಬುದನ್ನು 1ರಿಂದ 10ರವರೆಗಿನ ವರ್ಗಗಳ ಪಟ್ಟಿಯೇ ತೋರಿಸಿಕೊಡುತ್ತದೆ.

ಪೂರ್ಣವರ್ಗವಲ್ಲದ ಸಂಖ್ಯೆ ಬಂದಾಗ ನೇರ ಭಾಗಾಕಾರ ಕ್ರಮಕ್ಕೆ ಹಾರುವುದು ಬೇಡ. ಬೆಂಗಳೂರು, ಮೈಸೂರಿನ ಮಕ್ಕಳು ಮನೆಯಲ್ಲಿ ಕೇಳಿಯೇ ಇರುವ ‘ತರ್ಟಿ ಫಾರ್ಟಿ’ ಸೈಟನ್ನು ತೆಗೆದುಕೊಳ್ಳಿ. 30 ಅಡಿಗೆ 40 ಅಡಿ, ಅಂದರೆ 1200 ಚದರಡಿ. ಅಷ್ಟೇ ಜಾಗ ಚೌಕವಾಗಿದ್ದರೆ ಬದಿ ಎಷ್ಟು? 35 ಎಂದು ಊಹಿಸುವವರೇ ಹೆಚ್ಚು. 35ರ ವರ್ಗ 1225, ಜಾಸ್ತಿಯಾಯಿತು. 34ರದ್ದು 1156, ಸಾಲದು. 1200ನ್ನು 34ರಿಂದ ಭಾಗಿಸಿದರೆ ಸುಮಾರು 35.29, ಇದರ ಮತ್ತು 34ರ ಸರಾಸರಿ 34.65. ನಿಜವಾದ ಉತ್ತರ 34.641ರ ಆಸುಪಾಸು, ಅಂದರೆ 34 ಅಡಿ 8 ಇಂಚಿಗೆ ತುಸು ಕಡಿಮೆ. ಟೇಪು ಹಿಡಿದು ಶಾಲೆಯ ಅಂಗಳದಲ್ಲಿ ಎರಡೂ ಸೈಟುಗಳನ್ನು ಸುಣ್ಣದ ಪುಡಿಯಲ್ಲಿ ಎಳೆಸಿ. ಸುತ್ತಳತೆಯನ್ನೂ ಅಳೆಸಿ: ಒಂದಕ್ಕೆ 140 ಅಡಿ, ಇನ್ನೊಂದಕ್ಕೆ ಸುಮಾರು 138.6. ಕಾಂಪೌಂಡ್ ಕಟ್ಟಲು ಯಾವುದಕ್ಕೆ ಖರ್ಚು ಕಡಿಮೆ ಎಂದು ಕೇಳಿ.